ಅಂಬುವಿನ ಪಾಳಿ

ಮೊನ್ನೆ ಫೆಬ್ರುವರಿಯಲ್ಲಿ ಒಂದು ಮದುವೆಗೆಂದು ಸಂಭಾಜಿನಗರದಿಂದ ನಾಸಿಕಕ್ಕೆ ಹೊರಟಿದ್ದೆ. ನಿಫಾಡ್ ಹತ್ತಿರ ಬರುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಗಂಧಕದ ವಾಸನೆ ಒಳಗೆ ಬಂತು. ದ್ರಾಕ್ಷಿ ಬಳ್ಳಿಗೆ ಬೂದಿ ರೋಗ ತಗಲದಿರಲೆಂದು ಹೊಡೆಯುವ ಹಳದಿ ಪುಡಿಯದು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಅವಳು ನನ್ನನ್ನು ಒಂದು ಥರ ನೋಡಿದಳು, ನೋಡಲಿ. ಆ ವಾಸನೆ ಬಂದರೆ ನನ್ನ ಎರಡೂ ಹೆಬ್ಬೆರಳುಗಳು ತಾವಾಗಿಯೇ ಅಲುಗುತ್ತವೆ. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಹೊಡೆದಾಟದ ವಿಡಿಯೋ ಗೇಮ್ ಆಡಲು ಕಲಿತ ಚಳಿಗಾಲದ ವಾಸನೆ ಅದು.

ನಮ್ಮದು ಭಾಲ್ಕಿ ಕಡೆಯ ಮನೆತನ. ಮದುವೆಯಾದಾಗಿನಿಂದ ಸಂಭಾಜಿನಗರದಲ್ಲೇ, ಅಂದರೆ ಹಿಂದಿನ ಔರಂಗಾಬಾದಿನಲ್ಲೇ, ಇದ್ದೇವೆ. ನಮ್ಮ ಮನೆಯವರು ವಾಳೂಜಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ನಾನು ವಿಮಾ ಕಚೇರಿಯಲ್ಲಿ. ಆ ವರ್ಷ ಜೂನಿನಲ್ಲಿ ಕಚೇರಿಯವರು ನನ್ನನ್ನು ಒಂದು ವರ್ಷದ ಮಟ್ಟಿಗೆ ನಾಸಿಕಕ್ಕೆ ಹಾಕಿದರು. ಮಗಳು ಅಂಬಿಕಾ, ಮನೆಯಲ್ಲಿ ಅಂಬು, ಆಗ ಎಂಟನೆಯ ತರಗತಿ. ಅವಳನ್ನು ಅಪ್ಪನ ಜೊತೆ ಬಿಟ್ಟು ನಾನೊಬ್ಬಳೇ ಹೋದೆ. ಶನಿವಾರ ಸಂಜೆ ಎಸ್‌ಟಿ ಬಸ್ಸು ಹಿಡಿದು ಬರುವುದು, ಸೋಮವಾರ ಬೆಳಗಿನ ಜಾವದ ಬಸ್ಸಿಗೆ ಮರಳುವುದು. ಮೊದಲ ತಿಂಗಳಲ್ಲೇ ಅಂಬು ನನ್ನ ಜೊತೆ ಮಾತು ನಿಲ್ಲಿಸಿದಳು.

ಜಗಳವಾಡಿ ನಿಲ್ಲಿಸಿದ್ದಲ್ಲ. ಫೋನ್ ಮಾಡಿದರೆ ಎತ್ತುತ್ತಿದ್ದಳು. "ಊಟ ಆಯ್ತಾ?" ಎಂದರೆ "ಹೂಂ." "ಹೋಮ್‌ವರ್ಕ್?" ಎಂದರೆ "ಹೂಂ." ಶನಿವಾರ ಮನೆಗೆ ಬಂದರೆ ನನ್ನ ಚೀಲ ಒಳಗಿಡುತ್ತಿದ್ದಳು, ನೀರು ಕೊಡುತ್ತಿದ್ದಳು, ಆಮೇಲೆ ಟೀವಿಯ ಮುಂದೆ ಕೂತು ಆಟದ ಯಂತ್ರ ಚಾಲೂ ಮಾಡುತ್ತಿದ್ದಳು. ಬಿಟ್ಟುಹೋದೆನೆಂದು ಸಿಟ್ಟಾಗಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ. ಬೇರೆ ಯಾವ ಕಾರಣವೂ ನನ್ನ ತಲೆಗೆ ಹೊಳೆಯಲಿಲ್ಲ.

ನಾನು ಅವಸರದ ಹೆಂಗಸು ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಕಚೇರಿಯಲ್ಲಿ ಜನ ಬಾಯಿ ತೆರೆಯುವ ಮೊದಲೇ "ಕ್ಲೇಮಾ? ನಾಲ್ಕನೇ ಕಿಟಕಿ" ಎನ್ನುವವಳು. ಅಂಬುವಿನ ವಿಷಯದಲ್ಲಂತೂ ಇದು ಅವಳು ಮಾತು ಕಲಿತಾಗಿನಿಂದ ಅಂಟಿಕೊಂಡ ಚಾಳಿ. ಸ್ಕೂಲಿನಲ್ಲಿ ಮರಾಠಿ, ಗೆಳತಿಯರ ಜೊತೆ ಹಿಂದಿ. ಕನ್ನಡ ಅವಳಿಗೆ ಎಲ್ಲ ತಿಳಿಯುತ್ತದೆ, ಆದರೆ ಮಾತಾಡಲು ಹೋದರೆ ನಡುವೆ ಎಲ್ಲೋ ನಿಲ್ಲುತ್ತದೆ. ಭಾಲ್ಕಿಯಲ್ಲಿ ಲಗ್ನ ಕಾರ್ಯಕ್ಕೆ ಹೋದಾಗ ನಮ್ಮ ಅತ್ತಿಗೆ ನಾದಿನಿಯರೆಲ್ಲ ಸುತ್ತ ಕೂತು, "ಮಗಾ, ಕನ್ನಡ ಬರ್ತದೇನ? ಒಂದೀಟು ಮಾತಾಡಿ ತೋರ್ಸು" ಎನ್ನುತ್ತಿದ್ದರು. ಅಂಬು "ನನಗ..." ಎಂದು ಶುರು ಮಾಡಿ ನಿಂತರೆ ಅವರ ಮುಖದಲ್ಲಿ ನಗು ತಯಾರಾಗುವುದು ನನಗೆ ಕಾಣುತ್ತಿತ್ತು. ಆ ನಗು ಹೊರಬೀಳುವ ಮೊದಲೇ ನಾನು ವಾಕ್ಯ ಮುಗಿಸಿಬಿಡುತ್ತಿದ್ದೆ. "ಅಕೀಗೆ ಹೋಳಿಗಿ ಸೇರಂಗಿಲ್ಲ." "ಅಕೀಗೆ ನಿದ್ದಿ ಬಂದದ." ಮಗಳ ಮಾನ ಉಳಿಸಿದೆನೆಂದು ಹೆಮ್ಮೆ ನನಗೆ. ಅಲ್ಲಿಂದ ಬಂದ ರೂಢಿ ಮನೆಯಲ್ಲೂ ನಡೆಯಿತು. ಅವಳು "ಮಮ್ಮಿ, ನಾಳೆ..." ಎಂದರೆ ಸಾಕು, ಉಳಿದದ್ದು ನಾನು.

ನಾಸಿಕದಲ್ಲಿ ಗಂಗಾಪುರ ರಸ್ತೆಯ ಹತ್ತಿರ, ಒಂದು ಸಸ್ಯಾಹಾರಿ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಕೋಣೆ ಸಿಕ್ಕಿತು. ಹೋಟೆಲಿನವರು ನಮ್ಮ ಕರಾವಳಿಯವರು. ಅಲ್ಲಿ ವಾಸು ಅಂತ ಒಬ್ಬರು ಸಪ್ಲಾಯರ್, ಕಾರ್ಕಳದ ಕಡೆಯವರು. ಟೇಬಲ್ಲಿಗೆ ತಿಂಡಿ ತಂದಿಡುವ ಕೆಲಸದಲ್ಲೇ ತಲೆ ನರೆತಿತ್ತು. ನನ್ನ ಕನ್ನಡ ಕೇಳಿದ ದಿನದಿಂದ ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ. ಬಾಗಿಲಲ್ಲಿ ಗಿರಾಕಿ ಕಾಣಿಸಿಕೊಂಡರೆ ವಾಸು ನನ್ನ ಟೇಬಲ್ಲಿನ ಪಕ್ಕ ನಿಂತು ಮೆಲ್ಲಗೆ ಹೇಳುತ್ತಿದ್ದರು: "ಇವರಿಗೆ ಇಡ್ಲಿ, ಸಾಂಬಾರು ಬೇರೆ." ಹೋಗಿ ಕೇಳಿದರೆ ಅದೇ ಆಗಿರುತ್ತಿತ್ತು.

"ಹಂಗಾದ್ರ ಕೇಳೂದ್ಯಾಕ್ರಿ? ಸೀದಾ ತಂದಿಟ್ರ ಟೈಮ್ ಉಳೀತದಲ್ಲ" ಎಂದೆ ಒಂದು ದಿನ.

"ಹೊಸದರಲ್ಲಿ ಒಮ್ಮೆ ಹಾಗೆ ಮಾಡಿದ್ದೆ ಅಕ್ಕ" ಎಂದರು ವಾಸು. "ಒಬ್ಬರು ದಿನಾ ಬರ್ತಿದ್ರು, ದಿನಾ ಉಪ್ಪಿಟ್ಟು. ಒಂದಿನ ಅವರು ಕೂತ ಕೂಡ್ಲೇ ಉಪ್ಪಿಟ್ಟು ತಂದಿಟ್ಟೆ. ಅವರು ಮುಟ್ಟಲಿಲ್ಲ. ಪೂರಿ ಕೊಡು ಅಂದ್ರು. ಮರುದಿನದಿಂದ ಬೇರೆಯವನ ಟೇಬಲ್ಲಿಗೆ ಹೋಗಿ ಕೂತ್ರು."

"ಸಿಟ್ಟು ಬಂತೇನು?"

"ಸಿಟ್ಟಲ್ಲ. ಅವರಿಗೆ ಉಪ್ಪಿಟ್ಟೇ ಬೇಕಿತ್ತು. ಆದ್ರೆ ಅದನ್ನು ಬಾಯಿಬಿಟ್ಟು ಹೇಳ್ಲಿಕ್ಕೂ ಬೇಕಿತ್ತಲ್ಲ. ಅದನ್ನು ನಾನು ತೆಗೆದುಬಿಟ್ಟೆ. ಈಗ ಎಷ್ಟು ಗೊತ್ತಿದ್ರೂ 'ಎಂತ ಕೊಡ್ಲಿ' ಅಂತಲೇ ಕೇಳುದು."

ಹೋಟೆಲಿನವರ ಕುಶಾಲು ಎಂದು ನಕ್ಕು ನಾನು ಚಹಾ ಮುಗಿಸಿ ಮೇಲೆ ಹೋದೆ.

ಮೇಲೆ ನನ್ನ ಕೋಣೆಯಲ್ಲಿ ಜೊತೆಗೆ ತನ್ವಿ ಇದ್ದಳು. ನಿಫಾಡಿನ ದ್ರಾಕ್ಷಿ ತೋಟದವರ ಮಗಳು, ಫಾರ್ಮಸಿ ಓದುತ್ತಿದ್ದಳು. ಆ ಚಳಿಗಾಲ ಊರಿಗೆ ಹೋಗಿ ಬಂದಾಗಲೆಲ್ಲ ಅವಳ ಬಟ್ಟೆಯ ಗಂಧಕದ ವಾಸನೆ ಕೋಣೆಯಲ್ಲೇ ಉಳಿಯುತ್ತಿತ್ತು. ಅವಳು ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದ ಆಟವನ್ನು ಒಂದು ಸಂಜೆ ನೋಡಿ ಬೆಚ್ಚಿದೆ. ಅಂಬು ಆಡುವ ಆಟವೇ ಅದು. ಕೋಲು ಹಿಡಿದ ಅದೇ ಸಣಕಲು ಹುಡುಗಿ, ಅದೇ ಗಂಟೆಯ ಸದ್ದು. ಬೇರೆ ಊರಿನಲ್ಲಿರುವವರ ಜೊತೆ ಇಲ್ಲಿಂದಲೇ ಆಡಬಹುದು ಎಂದು ತನ್ವಿ ಹೇಳಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾತಾಡದಿದ್ದರೆ ಬೇಡ, ಮಗಳ ಎದುರಿಗೆ ಹೋಗಿ ನಿಲ್ಲಲು ಒಂದು ಜಾಗವಾದರೂ ಸಿಕ್ಕಿತಲ್ಲ.

ಮರುದಿನ ನಮ್ಮ ಮನೆಯವರಿಗೆ ಫೋನ್ ಮಾಡಿ, "ಅಕೀ ಆಡುವಾಗ ಸ್ಕ್ರೀನ್ ಮ್ಯಾಲೆ ಏನಂತ ಹೆಸರು ಬರ್ತದ ನೋಡ್ರಿ, ಆದ್ರ ನಾ ಕೇಳ್ದೆ ಅಂತ ಹೇಳಬ್ಯಾಡ್ರಿ" ಎಂದೆ. "ಸಸಾ" ಎಂದು ತಿಳಿಸಿದರು. ಮರಾಠಿಯಲ್ಲಿ ಮೊಲ. ನನಗೆ ತನ್ವಿ "ದ್ರಾಕ್ಷ್" ಎಂದು ಹೆಸರಿಟ್ಟಳು. ಹೆಬ್ಬೆರಳುಗಳಿಂದ ಒತ್ತುವ ತನ್ನ ಕಂಟ್ರೋಲರನ್ನೂ, ಆಡಲು ಒಬ್ಬ ದಪ್ಪ ಪೈಲ್ವಾನನನ್ನೂ ಕೊಟ್ಟಳು, ಅವನಿಗೆ ಗುಂಡಿಗಳು ಕಡಿಮೆ ಸಾಕಂತೆ.

ತನ್ವಿ ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಾ ಮರಾಠಿಯಲ್ಲೇ ಮಾತಾಡುತ್ತಿದ್ದಳು, ಆದರೆ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಉಳಿದಿದೆ. ಆಟ ನೋಡಲು ಸರಳ. ಹೊಡೆಯಬಹುದು, ತಡೆಯಬಹುದು, ಹತ್ತಿರ ಹೋಗಿ ಹಿಡಿದು ಎತ್ತಿ ಒಗೆಯಬಹುದು. ಹೊಡೆತವನ್ನು ತಡೆ ನಿಲ್ಲಿಸುತ್ತದೆ. ತಡೆದು ನಿಂತವರನ್ನು ಹಿಡಿದು ಒಗೆಯಬಹುದು. ಹಿಡಿಯಲು ಬಂದವರಿಗೆ ಹೊಡೆತ ಬೀಳುತ್ತದೆ. ಹೀಗೆ ಒಂದಕ್ಕೊಂದು ಸುತ್ತಿಕೊಂಡಿರುವುದರಿಂದ ಬೆರಳಿನ ವೇಗವೊಂದೇ ಸಾಲದು, ಎದುರಿನವರು ಈಗ ಏನು ಮಾಡುತ್ತಾರೆಂದು ಮೊದಲೇ ಓದಬೇಕು.

"ಪರದೆಯಲ್ಲಿ ನಿಮ್ಮ ಪೈಲ್ವಾನನನ್ನು ನೋಡಬೇಡಿ ಕಾಕೂ" ಎನ್ನುತ್ತಿದ್ದಳು ತನ್ವಿ. "ಅವನು ಎಲ್ಲಿದ್ದಾನೆ ಅಂತ ನಿಮಗೆ ಗೊತ್ತೇ ಇದೆ. ಎದುರಿನವರನ್ನು ನೋಡಿ. ಮುಖ್ಯವಾಗಿ ಬಿದ್ದವರು ಹೇಗೆ ಏಳುತ್ತಾರೆ ನೋಡಿ. ನಿಂತಾಗ ಎಲ್ಲರೂ ಯೋಚನೆ ಮಾಡಿ ಆಡುತ್ತಾರೆ. ಬಿದ್ದು ಏಳುವಾಗ ಮಾತ್ರ ತಮ್ಮ ಸ್ವಭಾವದಂತೆ ಏಳುತ್ತಾರೆ."

ಇದು ನನ್ನನ್ನು ಹಿಡಿದುಬಿಟ್ಟಿತು. ನವೆಂಬರ್, ಡಿಸೆಂಬರ್ ಎಲ್ಲ ಸಂಜೆ ಏಳರಿಂದ ಎಂಟು ನನ್ನ ಶಾಲೆ. ಕಿಟಕಿಯ ಹೊರಗೆ ಚಳಿ, ಕೆಳಗಿನಿಂದ ದೋಸೆ ಕಾವಲಿಯ ವಾಸನೆ, ಪರದೆಯ ನೀಲಿ ಬೆಳಕಿನಲ್ಲಿ ಮುಖವಿಲ್ಲದ ಅಪರಿಚಿತರು. ಒಬ್ಬ ಎರಡು ಹೊಡೆತ ತಿಂದರೆ ಮೂರನೆಯದಕ್ಕೆ ತಪ್ಪದೆ ಹಾರುತ್ತಿದ್ದ. ಇನ್ನೊಬ್ಬ ಗೆಲ್ಲುವ ಹಂತಕ್ಕೆ ಬಂದರೆ ಹಿಂದೆ ಹಿಂದೆ ಸರಿಯುತ್ತಿದ್ದ, ಗೆಲುವಿನ ಭಯ ಇರುವವರ ಹಾಗೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದರೆ ಹತ್ತು ನಿಮಿಷದಲ್ಲಿ ಅವರ ಅಂಜಿಕೆ ಆಸೆಗಳು ತಿಳಿಯುತ್ತಿದ್ದವು. ಕಣ್ಣು ಮುಚ್ಚಿದರೆ ಪೈಲ್ವಾನರು ದ್ರಾಕ್ಷಿ ಚಪ್ಪರದ ಕೆಳಗೆ, ಮಂಜಿನಲ್ಲಿ, ನಿಧಾನವಾಗಿ ಓಡಾಡುತ್ತಿದ್ದರು. ಬೆಳಿಗ್ಗೆ ಗೋದಾವರಿಯ ಮೇಲೂ ಅಂಥದೇ ಮಂಜು. ಎಚ್ಚರ ಎಲ್ಲಿ, ಕನಸು ಎಲ್ಲಿ ಎಂಬುದು ಆ ದಿನಗಳಲ್ಲಿ ನನಗೆ ಅಷ್ಟು ಖಚಿತವಿರಲಿಲ್ಲ.

ಮಂಗಳವಾರ, ಗುರುವಾರ "ಸಸಾ" ಜೊತೆ ಆಟ. ಕರೆ ಕಳಿಸಿದರೆ ಅವಳು ಒಪ್ಪುತ್ತಿದ್ದಳು. ನಾನೇ ಎಂದು ಅವಳಿಗೆ ಗೊತ್ತಿಲ್ಲ ಎಂಬುದೇ ನನಗೊಂದು ಗುಟ್ಟಿನ ಸಂತೋಷ. ಆದರೆ ಒಂದು ಸುತ್ತನ್ನೂ ಗೆಲ್ಲಲಾಗಲಿಲ್ಲ. ಉಳಿದವರನ್ನು ಓದಿದ ಹಾಗೆ ಅವಳನ್ನು ಓದಲು ಆಗುತ್ತಲೇ ಇರಲಿಲ್ಲ. ಕೋಲಿನ ಹುಡುಗಿ ಮೂಲೆಯಲ್ಲಿ ಕುಕ್ಕರಿಸಿ, ಕೋಲು ಅಡ್ಡ ಹಿಡಿದು, ತಡೆಯುತ್ತಲೇ ಇರುತ್ತಿದ್ದಳು. ಬಿದ್ದರೂ ತಡೆಯುತ್ತಲೇ ಏಳುತ್ತಿದ್ದಳು. ಕೊನೆಗೆ ನನ್ನ ಪೈಲ್ವಾನ ದಣಿದು ತಪ್ಪು ಹೆಜ್ಜೆ ಇಟ್ಟಾಗ ಒಂದೇ ಪೆಟ್ಟು.

"ಇಷ್ಟು ತಡೀತಾಳಲ್ಲ, ಇಕಿ ಏನು ಕಲ್ಲೇನು?" ಎಂದು ಒಂದು ಸಂಜೆ ರೇಗಿದೆ. ಯಾರೆಂದು ತನ್ವಿಗೆ ಹೇಳಿದ್ದೆ.

ತನ್ವಿ ನಕ್ಕಳು. "ಅವಳು ತಡೀತಿರೋದು ನೀವು ಹೊಡೀತಿರೋದರಿಂದ ಕಾಕೂ. ಇದರಲ್ಲಿ ಪಾಳಿ ಅಂತ ಇರುತ್ತದೆ. ನೀವು ಹೊಡೆದಾದ ಮೇಲೆ ಒಂದು ಗಳಿಗೆ ಅವಳ ಪಾಳಿ. ನೀವು ಅದನ್ನೂ ನೀವೇ ತಗೊಂಡುಬಿಡ್ತೀರಿ. ಪಾಳಿ ಸಿಗದವರು ತಡೆಯದೆ ಇನ್ನೇನು ಮಾಡಬೇಕು?"

ಮುಟ್ಟದೆ ಉಳಿದ ಒಂದು ತಟ್ಟೆ ಉಪ್ಪಿಟ್ಟು ಆಗ ನನ್ನ ಕಣ್ಣ ಮುಂದೆ ಬಂತು. ನನಗೆ ನಾಚಿಕೆಯಾಯಿತು. ಅಷ್ಟೂ ವರ್ಷಗಳ ನಾಚಿಕೆ ಒಂದೇ ಸಲ ಬಂದರೆ ಮೈಯೆಲ್ಲ ಬಿಸಿಯಾಗುತ್ತದೆ, ಜ್ವರ ಬಂದ ಹಾಗೆ.

ಜನವರಿಯಲ್ಲಿ, ಸಂಕ್ರಾಂತಿಯ ವಾರ, ಗುರುವಾರದ ಆಟದಲ್ಲಿ ನಾನು ಮೊದಲ ಬಾರಿ ನಿಂತೆ. ಗಂಟೆ ಹೊಡೆಯಿತು. ಪೈಲ್ವಾನ ನಾಲ್ಕು ಹೆಜ್ಜೆ ಮುಂದೆ ಹೋಗಿ, ಕೋಲು ತಗಲದಷ್ಟು ದೂರದಲ್ಲಿ ನಿಂತ. ಎದುರಿಗೆ ಕುಕ್ಕರಿಸಿದ ಹುಡುಗಿ. ಪರದೆಯ ಮೇಲಿನ ಗಡಿಯಾರ ಇಳಿಯುತ್ತಿತ್ತು. ಇಬ್ಬರೂ ನಿಂತಲ್ಲೇ ಮೆಲ್ಲಗೆ ಉಸಿರಾಡುತ್ತಿದ್ದರು, ಹಿನ್ನೆಲೆಯ ಚಿತ್ರದಲ್ಲಿ ಯಾವುದೋ ಮರದ ಎಲೆ ಉದುರುತ್ತಿತ್ತು, ಅದು ಉದುರುತ್ತದೆಂದು ಅಷ್ಟು ದಿನ ನಾನು ನೋಡಿಯೇ ಇರಲಿಲ್ಲ. ನಾನು ಬೆರಳುಗಳನ್ನು ಗುಂಡಿಗಳಿಂದ ಎತ್ತಿ ಹಿಡಿದೆ. ತುಂಬ ಹೊತ್ತಿನ ಮೇಲೆ ಹುಡುಗಿ ಎದ್ದು ನಿಂತಳು. ಒಂದು ಹೆಜ್ಜೆ ಇಟ್ಟಳು. ಹಿಂದೆ ಸರಿದಳು. ಮತ್ತೆ ಎರಡು ಹೆಜ್ಜೆ ಇಟ್ಟು, ಕೋಲು ಎತ್ತಿ, ನನ್ನ ಪೈಲ್ವಾನನ ತಲೆಯ ಮೇಲೆ ಬಿಟ್ಟಳು. ತಡೆಯಬಹುದಿತ್ತು, ಆದರೆ ನೋಡುತ್ತಾ ಕೂತುಬಿಟ್ಟೆ. ಸೋತದ್ದಕ್ಕೆ ಅಷ್ಟು ಖುಷಿಪಟ್ಟವರು ಆ ಊರಿನಲ್ಲಿ ಆ ಸಂಜೆ ಇನ್ನೊಬ್ಬರು ಇದ್ದಿರಲಾರರು.

ಅಲ್ಲಿಂದ ಆಟ ಬದಲಾಯಿತು. ಅವಳು ಒಂದು, ನಾನು ಒಂದು. ಫೆಬ್ರುವರಿಯಲ್ಲಿ ಎರಡು ಸುತ್ತು ಗೆದ್ದೆ ಕೂಡ. ಫೋನಿನಲ್ಲಿ ಮಾತ್ರ ಅದೇ "ಹೂಂ". ಅಷ್ಟರಲ್ಲಿ ಮಾರ್ಚ್ ಬಂತು, ಕಚೇರಿಯಿಂದ ಕಾಗದ ಬಂತು. ಒಂದು ವರ್ಷ ಮುಗಿಯುತ್ತಾ ಬಂದಿದೆ, ನಾಸಿಕದಲ್ಲೇ ಮುಂದುವರಿಯುತ್ತೀರೋ, ಮರಳಿ ಹೋಗುತ್ತೀರೋ, ಸೋಮವಾರದೊಳಗೆ ಬರೆದುಕೊಡಿ. ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿ ಕೂತಿತ್ತು. ಮಗಳು ತಾಯಿಯಿಲ್ಲದೆ ಹೀಗಾಗಿದ್ದಾಳೆ, ಮರಳಿ ಹೋಗಬೇಕು. ಇಲ್ಲವಾದರೆ ಅವಳನ್ನೇ ಇಲ್ಲಿಗೆ ತಂದು ಒಂಬತ್ತನೆಯ ತರಗತಿಗೆ ಸೇರಿಸಬೇಕು.

"ಅಕೀಗೇ ಒಂದ್ ಮಾತು ಕೇಳು" ಎಂದರು ನಮ್ಮ ಮನೆಯವರು.

"ಅಕೀಗೇನ್ ಕೇಳೂದ್ರಿ, ನನಗ ಗೊತ್ತದ" ಎನ್ನಲು ಹೊರಟವಳು ಆ ಮಾತನ್ನು ಅಲ್ಲೇ ನುಂಗಿಕೊಂಡೆ.

ಆ ಭಾನುವಾರ ನಾನೂ ಅಂಬುವೂ ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಹೊರಟೆವು. ಅಲ್ಲಿನ ಈಶ್ವರನಿಗೆ ವರ್ಷಕ್ಕೊಮ್ಮೆ ನಮಸ್ಕಾರ ಮಾಡಿ ಬರುವುದು ನಮ್ಮ ಮನೆಯ ಪದ್ಧತಿ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಿದ್ದ ಅಂಬು, ದೌಲತಾಬಾದಿನ ಕೋಟೆ ಹಿಂದೆ ಸರಿದ ಮೇಲೆ, ಹೊರಗೇ ನೋಡುತ್ತಾ ಹೇಳಿದಳು: "ದ್ರಾಕ್ಷ್ ನೀನೇ ಅಲ್ಲ?"

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾವಾಗ ಗೊತ್ತಾತು?"

"ಫಸ್ಟ್ ದಿನ. ಗಂಟಿ ಆಗೂಕಿಂತ ಮೊದ್ಲೇ ಒದೀಲಿಕ್ಕೆ ಚಾಲೂ ಮಾಡಿದ್ದಿ." ಆಮೇಲೆ ನನ್ನ ಕಡೆ ತಿರುಗಿ, "ಸಂಕ್ರಾಂತಿಗೆ ನೀ ನಿಂತಿ. ಆವಾಗ ಡೌಟ್ ಬಂತು, ಬ್ಯಾರೆ ಯಾರರೆ ಇರ್ಬೇಕು ಅಂತ" ಎಂದಳು. ಅವಳ ತುಟಿಯ ತುದಿಯಲ್ಲಿ ನಗು ಇತ್ತು. ಅವಳನ್ನು ಓದಲು ನಾನು ಒದ್ದಾಡುತ್ತಿದ್ದ ಅಷ್ಟೂ ದಿನ ಅವಳು ನನ್ನನ್ನು ಓದಿ ಮುಗಿಸಿದ್ದಳು.

ಗುಡಿಯಲ್ಲಿ ದರ್ಶನ ಮುಗಿಸಿ ಗುಹೆಗಳ ಕಡೆ ಹೋದೆವು. ಬಿಸಿಲು ಏರಿತ್ತು. ಜನ ಕಡಿಮೆ ಇದ್ದ ಒಂದು ಗುಹೆಯ ಪಡಸಾಲೆಯಲ್ಲಿ, ಕಂಬದ ನೆರಳಲ್ಲಿ ಕೂತೆವು. ಒಳಗಿನಿಂದ ತಣ್ಣನೆಯ, ಬಾವಲಿ ವಾಸನೆಯ ಗಾಳಿ ಬರುತ್ತಿತ್ತು. ದೂರದಲ್ಲಿ ಕಾವಲಿನವನ ಸೀಟಿ. ಅಂಬು ಮೊಣಕಾಲು ಅಪ್ಪಿಕೊಂಡು ಕೂತು ಶುರು ಮಾಡಿದಳು.

"ಮಮ್ಮಿ, ನೀ ನಾಸಿಕ್‌ಗೆ ಹೋದ್ಮ್ಯಾಲೆ ನನಗ..."

ಅಲ್ಲಿಗೆ ನಿಂತಿತು. ಬೇಜಾರಾತು, ಎನ್ನುತ್ತಾಳೆ. ನಿನ್ನ ನೆನಪಾತು, ಎನ್ನುತ್ತಾಳೆ. ಸಿಟ್ಟು ಬಂತು, ಎನ್ನುತ್ತಾಳೆ. ಮೂರೂ ನನ್ನ ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತವು. ನಾನು ಕಂಬದ ಕಲ್ಲನ್ನು ಕೈಯಿಂದ ಒತ್ತಿ ಹಿಡಿದೆ. ಒಬ್ಬರು ಯಾತ್ರಿಕರು ಒಳಗೆ ಹೋಗಿ, ನೋಡಿ, ಹೊರಗೂ ಬಂದರು. ಅಂಬು ಇನ್ನೂ ಪದ ಹುಡುಕುತ್ತಿದ್ದಳು.

"ನನಗ... ಚಲೋ ಅನಿಸ್ತು" ಎಂದಳು.

ನಾನು ಕಂಬದಿಂದ ಕೈ ತೆಗೆಯಲಿಲ್ಲ.

"ಮನಿ ಶಾಂತ ಆತು. ಪಪ್ಪಾ ಏನೂ ಕೇಳಂಗಿಲ್ಲ. ನಾ ಹೇಳೂತನಕ ಕೂಡ್ತಾರ. ಚಲೋ ಅನಿಸ್ತು. ಆಮ್ಯಾಲೆ... ಭೀತಿ..." ಮರಾಠಿಯದೋ ಕನ್ನಡದ್ದೋ ಎಂದು ತಡೆದು, "ಹೆದರಿಕಿ ಬಂತು. ಮಮ್ಮಿ ಹೋದ್ರ ಚಲೋ ಅನಿಸ್ತದ ಅಂದ್ರ ನಾ ಎಂಥಾ ಮಗಳು ಅಂತ. ಅದಕ್ಕ ಫೋನಿನ್ಯಾಗ ಮಾತಾಡ್ಲಿಲ್ಲ. ಮಾತಾಡಿದ್ರ ನಿನಗ ತಿಳೀತಿತ್ತು. ನಿನಗ ಎಲ್ಲಾ ಮೊದ್ಲೇ ತಿಳೀತದಲ್ಲ."

ಅವಳು ಅಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಂಬತ್ತು ತಿಂಗಳು ಆ ಮಗು ಇದನ್ನು ಒಬ್ಬಳೇ ಹೊತ್ತು, ನನ್ನ ಕಣ್ಣಿಗೆ ಬೀಳದಂತೆ ಅಡಗಿಸಿ ಕೂತಿತ್ತು. ನಾನು ನೋಡಿ ಬಯ್ಯುತ್ತೇನೆಂದಲ್ಲ, ನೊಂದುಕೊಳ್ಳುತ್ತೇನೆಂದು.

"ನನಗ ತಿಳಿದಿರ್ಲಿಲ್ಲ, ಅಂಬು" ಎಂದೆ.

ಅವಳು ತಿರುಗಿ ನೋಡಿದಳು. "ಖರೇನ?"

"ಖರೇ. ಏನೂ ತಿಳಿದಿರ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಹಗುರಾದವರ ಕಣ್ಣೀರು ಅದು, ನೋಡಿದರೆ ಗೊತ್ತಾಗುತ್ತಿತ್ತು. ಕಚೇರಿಯ ಕಾಗದದ ವಿಷಯ ಹೇಳಿದೆ. "ಮರಳಿ ಬರ್ಲೋ, ನಿನ್ನ ಅಲ್ಲಿಗೆ ಕರ್ಕೊಂಡು ಹೋಗ್ಲೋ, ನಾ ಏನು ಬರೀಲಿ?" ಎಂದು ಕೇಳಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳಿಗೆ ಕೇಳಿದ್ದು ಅದೇ ಮೊದಲು. ಕಂಬದ ನೆರಳು ಅವಳ ಪಾದದಿಂದ ನನ್ನ ಪಾದಕ್ಕೆ ಬಂತು.

"ಇನ್ನೊಂದು ವರ್ಷ ಅಲ್ಲೇ ಇರು ಮಮ್ಮಿ" ಎಂದಳು. "ಶನಿವಾರ ಬಾ. ಬಂದಾಗ... ಹಿಂಗ ಕೂಡು."

ನೇರ ಎದೆಗೆ ಬಂದು ಬಿದ್ದ ಮಾತು. ನೋವಾಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು. ತಡೆಯಲಿಲ್ಲ, ತಿರುಗಿ ಕೊಡಲೂ ಇಲ್ಲ. "ಆಯ್ತು" ಎಂದೆ. ಸೋಮವಾರ ನಾಸಿಕದಲ್ಲಿ, ಕಾಗದದ ಮೇಲೆ, ಅವಳು ಹೇಳಿದ ಹಾಗೇ ಬರೆದುಕೊಟ್ಟೆ.